ಐವತ್ತೊಂದು ಹಲ್ಲು

ಅಕ್ಕನ ಮಗನಿಗೆ ಹಳೆಯ ಗೋಡೆ ಗಡಿಯಾರಗಳ ಹುಚ್ಚು. ಹಗಲು ಸಾಫ್ಟ್‌ವೇರ್ ಕಂಪನಿ, ರಾತ್ರಿ ಗಡಿಯಾರ. ಹಲ್ಲು ಮುರಿದ ಹಿತ್ತಾಳೆ ಚಕ್ರಗಳನ್ನು ಮಾಡಿಕೊಡುವವರು ಯಾರೂ ಸಿಗದೆ, ತಾನೇ ಮಾಡಿಕೊಳ್ಳುತ್ತೇನೆಂದು ಹೋದ ವರ್ಷ ಒಂದು ಪುಟ್ಟ ಮಿಲ್ಲಿಂಗ್ ಮೆಷಿನ್ ತರಿಸಿದ. ಚೀನಾ ಮಾಲು. ಇಬ್ಬರು ಸೇರಿ ಹಿಡಿದರೆ ಮಹಡಿ ಮೆಟ್ಟಿಲು ಹತ್ತಿಸಬಹುದು. ಇಪ್ಪತ್ತು ಜನ ಹಗ್ಗ ಹಾಕಿ ಎಳೆದರೂ ಜಗ್ಗದ ಮೆಷಿನ್ನುಗಳ ಜೊತೆ ಬದುಕು ಕಳೆದ ನನಗೆ ಅದನ್ನು ನೋಡಿ ಮೊದಲು ನಗು ಬಂತು.

"ಮಾವ, ಇದನ್ನ ಸಿಎನ್‌ಸಿ ಮಾಡೋಣ. ಕಬ್ಬಿಣದ ಕೆಲಸ ನಿಮ್ಮದು, ವೈರಿಂಗು ಪ್ರೋಗ್ರಾಮು ನಂದು" ಅಂದ. ರಿಟೈರ್ ಆದವನಿಗೆ ಬೇಡ ಅನ್ನಲು ಕಾರಣ ಏನಿರುತ್ತೆ?

ಕೈಯಲ್ಲಿ ನಡೆಸುವ ಮೆಷಿನ್ನನ್ನು ಕಂಪ್ಯೂಟರಿಗೆ ಒಪ್ಪಿಸುವಾಗ ಬಿಚ್ಚಬೇಕಾದದ್ದು ಹ್ಯಾಂಡಲ್‌ಗಳನ್ನು. ಆ ಜಾಗಕ್ಕೆ ಮೋಟರ್ ಬರುತ್ತದೆ. ಬಿಚ್ಚುವ ಮೊದಲು ಒಮ್ಮೆ ತಿರುಗಿಸಿ ನೋಡಿದೆ. ಮುಂದಕ್ಕೆ ಒಂದು ಸುತ್ತು, ನಿಲ್ಲಿಸಿ ಹಿಂದಕ್ಕೆ. ಹ್ಯಾಂಡಲ್ ತಿರುಗುತ್ತಿದೆ, ಅದರ ಕಾಲರಿನ ಗೆರೆಗಳು ಸರಿಯುತ್ತಿವೆ, ಟೇಬಲ್ ಮಾತ್ರ ಕೂತಲ್ಲೇ ಕೂತಿದೆ. ಆಮೇಲೆ ಸಣ್ಣಗೆ ಕಚ್ಚಿಕೊಂಡು ಹೊರಟಿತು. ನಡುವೆ ಕಳೆದುಹೋದದ್ದು ಕಾಲು ಮಿಲಿಮೀಟರ್. ಪುಸ್ತಕದಲ್ಲಿ ಬ್ಯಾಕ್‌ಲ್ಯಾಶ್ ಅಂತಾರೆ, ಶಾಪ್‌ನಲ್ಲಿ ಪ್ಲೇ. ಟೇಬಲನ್ನು ಒಯ್ಯುವ ಸ್ಕ್ರೂವಿನ ಎಳೆಗೂ ಅದರ ನಟ್ಟಿನ ಎಳೆಗೂ ನಡುವೆ ಇರುವ ಖಾಲಿ ಜಾಗ ಅದು. ಅಷ್ಟು ವರ್ಷ ಆದಮೇಲೂ ಅಂಗೈಗೆ ಅದು ಗೊತ್ತಿತ್ತು. ಆ ಕಾಲು ಮಿಲಿಮೀಟರಿನಲ್ಲಿ ನಾನು ನೇರ ಕಾಮಾಕ್ಷಿಪಾಳ್ಯದ ಶೆಡ್ಡಿಗೆ ಹೋಗಿ ಬಿದ್ದೆ.

ಐಟಿಐನಲ್ಲಿ ಮೆಷಿನಿಸ್ಟ್ ಟ್ರೇಡ್ ಮುಗಿಸಿ 1980ರ ದಶಕದ ಮೊದಲ ವರ್ಷಗಳಲ್ಲಿ ಆ ಶೆಡ್ಡಿಗೆ ಸೇರಿದವನು ನಾನು. ಶೀಟಿನ ಛಾವಣಿ, ಬೇಸಿಗೆಯ ಮಧ್ಯಾಹ್ನ ಮೆಷಿನ್ ಮುಟ್ಟಿದರೆ ಕೈ ಚುರ್ ಅನ್ನುತ್ತಿತ್ತು. ಎರಡು ಲೇತು, ಒಂದು ಶೇಪರ್, ಒಂದು ಡ್ರಿಲ್ಲಿಂಗ್ ಮೆಷಿನ್. ಇವುಗಳ ನಡುವೆ ಪಟ್ಟದಾನೆಯ ಹಾಗೆ ನಿಂತಿದ್ದದ್ದು ಎಚ್‌ಎಂಟಿಯ ಎಫ್‌ಎನ್-2 ಮಿಲ್ಲಿಂಗ್ ಮೆಷಿನ್, ಯಾವುದೋ ಕಾರ್ಖಾನೆಯ ಹರಾಜಿನಲ್ಲಿ ಯಜಮಾನರು ತಂದದ್ದು. ಆಗ ಬೆಂಗಳೂರಿನ ಈ ಮಗ್ಗುಲಿನಲ್ಲಿ, ರಾಜಾಜಿನಗರ ಕೈಗಾರಿಕಾ ಎಸ್ಟೇಟಿನಿಂದ ಪೀಣ್ಯದವರೆಗೆ, ಇಂಥ ಶೆಡ್ಡುಗಳು ಸಾಲುಸಾಲು. ದೊಡ್ಡ ಕಾರ್ಖಾನೆಗಳಿಗೆ ಬುಷ್ಷು, ಪಿನ್ನು, ಬ್ರಾಕೆಟ್ಟು ಮಾಡಿಕೊಡುವುದು ನಮ್ಮ ಅನ್ನ. ಅದರ ಜೊತೆಗೆ ಬಿಡಿ ಕೆಲಸ: ಮಗ್ಗದವರು ಸವೆದ ಗೇರು ತರುತ್ತಿದ್ದರು, ಪ್ರೆಸ್ಸಿನವರು ಹಲ್ಲು ಹೋದ ಗೇರು ತರುತ್ತಿದ್ದರು. ಆ ಬಿಡಿ ಕೆಲಸದಲ್ಲೇ ದುಡ್ಡು. ಅದಕ್ಕೆ ಕೈ ಹಾಕುತ್ತಿದ್ದದ್ದು ಮೇಸ್ತ್ರಿ ಒಬ್ಬರೇ.

ಮೇಸ್ತ್ರಿಯ ಹೆಸರು ಇಲ್ಲಿ ಬೇಡ. ಐವತ್ತರ ಆಸುಪಾಸು, ಖಾಕಿ ಶರಟು, ಕಿವಿಯ ಹಿಂದೆ ಸೀಸದ ಕಡ್ಡಿ, ಬಾಯಲ್ಲಿ ಎಲೆ ಅಡಿಕೆ. ಮಾತು ಕಡಿಮೆ, ಇದ್ದ ಮಾತೂ ಬೈಗುಳವೇ. ಮೊದಲ ವಾರವಿಡೀ ನನಗೆ ಕೊಟ್ಟ ಕೆಲಸ ಒಂದೇ. ಹ್ಯಾಂಡಲ್ ಹಿಡಿದು ಟೇಬಲನ್ನು ಮುಂದಕ್ಕೆ ಒಯ್ಯುವುದು, ಹಿಂದಕ್ಕೆ ತರುವುದು. ಕಟರ್ ಓಡುತ್ತಿರಲಿಲ್ಲ, ವೈಸಿನಲ್ಲಿ ಜಾಬ್ ಇರಲಿಲ್ಲ. "ಎಲ್ಲಿ ಸಡಿಲ ಆಗುತ್ತೆ ಎಲ್ಲಿ ಕಚ್ಚುತ್ತೆ ನೋಡ್ಕೊ. ಕಣ್ಣಲ್ಲಲ್ಲ ಲೇ, ಕೈಯಲ್ಲಿ" ಅನ್ನುವರು.

ಇದಕ್ಕೊಂದು ಕಾರಣವಿತ್ತು. ಪ್ಲೇ ಇರುವ ಮೆಷಿನ್ನಿನಲ್ಲಿ ಅಳತೆಗೆ ಯಾವಾಗಲೂ ಒಂದೇ ಕಡೆಯಿಂದ ಬರಬೇಕು. ದಾಟಿ ಹೋದರೆ ಅಷ್ಟಕ್ಕೇ ವಾಪಸ್ ಬರುವಂತಿಲ್ಲ. ಪೂರ್ತಿ ಹಿಂದೆ ಹೋಗಿ, ಮತ್ತೆ ಅದೇ ದಿಕ್ಕಿನಿಂದ ಬರಬೇಕು. ಅದಕ್ಕಿಂತ ಮುಖ್ಯವಾದದ್ದು ಕಟರಿನ ದಿಕ್ಕು. ಕಟರಿನ ಹಲ್ಲು ತಿರುಗಿ ಬರುವ ದಿಕ್ಕಿಗೆ ಎದುರಾಗಿ ಜಾಬನ್ನು ಒಯ್ದರೆ ಅಪ್ ಮಿಲ್ಲಿಂಗ್. ಅದು ಟೇಬಲನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ, ಸ್ಕ್ರೂವಿನ ಎಳೆ ಸದಾ ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತದೆ. ಹಲ್ಲಿನ ಜೊತೆಜೊತೆಗೇ ಒಯ್ದರೆ ಡೌನ್ ಮಿಲ್ಲಿಂಗ್. ಆಗ ಕಟರ್ ಜಾಬನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಪ್ಲೇ ಎಷ್ಟಿದೆಯೋ ಅಷ್ಟೂ ದೂರ ಟೇಬಲ್ ಒಮ್ಮೆಗೇ ನೆಗೆಯುತ್ತದೆ. ಪಕ್ಕದ ಶೆಡ್ಡಿನಲ್ಲಿ ಹಾಗೆ ನೆಗೆದು ಸೈಡ್ ಅಂಡ್ ಫೇಸ್ ಕಟರ್ ಚೂರಾಗಿ, ಒಂದು ಚೂರು ಗೋಡೆಯ ಗಾರೆಗೆ ನೆಟ್ಟುಕೊಂಡಿತ್ತು. ಮೇಸ್ತ್ರಿ ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದರು. ಪಾಠ ಅಷ್ಟೇ, ಒಂದು ಮಾತೂ ಆಡಲಿಲ್ಲ.

ಇವರನ್ನು ಒಳ್ಳೆಯ ಗುರು ಅಂತ ಬರೆದುಬಿಟ್ಟರೆ ಸುಲಭ. ಆದರೆ ಅದು ಅರ್ಧ ನಿಜ.

ಗೇರು ಕಡೆಯಲು ಇಂಡೆಕ್ಸಿಂಗ್ ಹೆಡ್ ಬೇಕು. ಅದರ ಹಿಡಿಕೆಯನ್ನು 40 ಸುತ್ತು ತಿರುಗಿಸಿದರೆ ಜಾಬ್ ಒಂದು ಸುತ್ತು ಬರುತ್ತದೆ. ಎಷ್ಟು ಹಲ್ಲು ಬೇಕೋ ಅದರಿಂದ 40ನ್ನು ಭಾಗಿಸಿದರೆ ಪ್ರತಿ ಹಲ್ಲಿಗೆ ಹಿಡಿಕೆ ಎಷ್ಟು ತಿರುಗಬೇಕು ಅನ್ನುವುದು ಸಿಗುತ್ತದೆ. 35 ಹಲ್ಲಾದರೆ ಒಂದು ಸುತ್ತು, ಅದರ ಮೇಲೆ ಹೆಡ್ಡಿನ ತೂತಿನ ಪ್ಲೇಟಿನಲ್ಲಿ 21 ತೂತಿನ ವರಸೆಯಲ್ಲಿ 3 ತೂತು. ಇಷ್ಟು ಐಟಿಐನಲ್ಲೇ ಹೇಳಿಕೊಟ್ಟಿದ್ದರು. ತೊಡಕು ಬರುವುದು 51ರಂಥ ಸಂಖ್ಯೆಗೆ. ನಮ್ಮ ಹೆಡ್ಡಿನ ಜೊತೆ ಬಂದ ಪ್ಲೇಟುಗಳಲ್ಲಿ ಅದಕ್ಕೆ ಹೊಂದುವ ತೂತಿನ ವರಸೆಯೇ ಇರಲಿಲ್ಲ. ಆಗ ಹೆಡ್ಡಿನ ಹಿಂದೆ ಗೇರುಗಳನ್ನು ಜೋಡಿಸಿ, ಹಿಡಿಕೆ ತಿರುಗುವಾಗ ಪ್ಲೇಟೂ ನಿಧಾನಕ್ಕೆ ತಿರುಗುವಂತೆ ಮಾಡಬೇಕು. ಡಿಫರೆನ್ಷಿಯಲ್ ಇಂಡೆಕ್ಸಿಂಗ್. ಯಾವ ಗೇರು, ಎಷ್ಟು ತೂತು, ನಡುವೆ ಐಡ್ಲರ್ ಎಷ್ಟು ಅನ್ನುವುದೆಲ್ಲ ಮೇಸ್ತ್ರಿಯ ಹತ್ತಿರ ಒಂದು ಪುಟ್ಟ ಡೈರಿಯಲ್ಲಿತ್ತು. ಆ ಡೈರಿ ಅವರ ಊಟದ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ, ಕ್ಯಾರಿಯರ್ ಬೀಗ ಹಾಕಿದ ಪೆಟ್ಟಿಗೆಯಲ್ಲಿ. 51 ಹಲ್ಲಿನ ಕೆಲಸ ಬಂದರೆ ಭಾನುವಾರವೇ ಮಾಡುವರು, ಓಟಿ ಬರೆಸಿಕೊಂಡು, ನಮ್ಮನ್ನೆಲ್ಲ ಮನೆಗೆ ಕಳಿಸಿ. ಒಮ್ಮೆ ಊಟದ ಹೊತ್ತಿನಲ್ಲಿ ಪೆಟ್ಟಿಗೆ ತೆರೆದಿತ್ತು. ಡೈರಿ ಮುಟ್ಟಿದೆ. ಕಪಾಳಕ್ಕೆ ಬಿದ್ದ ಏಟಿಗೆ ಸಂಜೆವರೆಗೂ ಕಿವಿ ಗುಯ್ ಅನ್ನುತ್ತಿತ್ತು. ಯಜಮಾನರು ನೋಡಿಯೂ ನೋಡದವರ ಹಾಗೆ ಒಳಗೆ ಹೋದರು.

ಕೆಲವು ವರ್ಷಗಳ ನಂತರ ಅವೆನ್ಯೂ ರೋಡಿನ ಹಳೆ ಪುಸ್ತಕದ ಅಂಗಡಿಯಲ್ಲಿ ಅಂಚು ಹರಿದ ಮೆಷಿನರೀಸ್ ಹ್ಯಾಂಡ್‌ಬುಕ್ ಸಿಕ್ಕಿತು. ಅಮೆರಿಕದಲ್ಲಿ 1914ರಿಂದ ಅಚ್ಚಾಗುತ್ತಿರುವ, ಬೈಬಲ್ಲಿನಷ್ಟು ದಪ್ಪದ ಪುಸ್ತಕ. ಅಂಗಡಿಯವನ ಎದುರು ನಿಂತೇ ಇಂಡೆಕ್ಸಿಂಗ್ ಪುಟ ತೆಗೆದೆ. ಡಿಫರೆನ್ಷಿಯಲ್ ಕೋಷ್ಟಕ ಪೂರ್ತಿ ಅಲ್ಲಿತ್ತು. 51ಕ್ಕೆ ಬೇಕಾದದ್ದು ಇಷ್ಟೇ: 50 ಅಂದುಕೊಂಡು ಹೊರಡು, 15 ತೂತಿನ ವರಸೆಯಲ್ಲಿ 12 ತೂತು, ಹಿಂದೆ 32 ಮತ್ತು 40 ಹಲ್ಲಿನ ಗೇರು, ಪ್ಲೇಟು ಹಿಡಿಕೆಗೆ ವಿರುದ್ಧ ದಿಕ್ಕಿಗೆ ತಿರುಗುವಂತೆ ನಡುವೆ ಐಡ್ಲರ್. ಮೇಸ್ತ್ರಿಯ ಮಹಾರಹಸ್ಯ ರಸ್ತೆ ಬದಿಯಲ್ಲಿ ಮಾರಾಟಕ್ಕಿತ್ತು. ಸಿಟ್ಟು ಬಂತು, ಆಮೇಲೆ ಏಟು ತಿಂದ ಕಿವಿ ನೆನಪಾಗಿ ಇನ್ನಷ್ಟು ಸಿಟ್ಟು ಬಂತು.

ಇಷ್ಟು ವರ್ಷದ ಮೇಲೆ ಯೋಚಿಸಿದರೆ ಬೇರೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. ಪುಸ್ತಕದಲ್ಲಿ ಇರುವುದನ್ನೆಲ್ಲ ಮೇಸ್ತ್ರಿ ಬೀಗ ಹಾಕಿ ಇಟ್ಟರು. ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ಕೇಳದೆಯೇ ಕೊಟ್ಟರು. ಸ್ಲೈಡಿಗೆ ನೀಲಿ ಹಚ್ಚಿ, ಉಜ್ಜಿ, ಎದ್ದ ಜಾಗವನ್ನು ಸ್ಕ್ರೇಪರಿನಿಂದ ಕೆರೆಯುವುದು; ಸ್ಕ್ರೇಪರನ್ನು ಸೊಂಟಕ್ಕೆ ಒತ್ತಿ ಇಡೀ ಮೈಯನ್ನು ಹೇಗೆ ತಳ್ಳಬೇಕು ಅನ್ನುವುದು; ಕಟರಿನ ದನಿ ಕೇಳಿ ಯಾವ ಹಲ್ಲು ಮೊಂಡಾಗಿದೆ ಅಂತ ಹೇಳುವುದು; ಡಯಲ್ ಇಡುವ ಮೊದಲೇ ವೈಸ್ ಓರೆಯಾಗಿದೆ ಅಂತ ಗೊತ್ತಾಗುವುದು. ಇದೆಲ್ಲ ವಿದ್ಯೆ ಅಂತ ಅವರಿಗೇ ಅನ್ನಿಸಿರಲಿಲ್ಲವೋ ಏನೋ. ಡೈರಿಗೆ ಓಟಿ ಸಿಗುತ್ತಿತ್ತು, ಇದಕ್ಕೆ ಯಾರೂ ಒಂದು ಪೈಸೆ ಹೆಚ್ಚು ಕೊಡುತ್ತಿರಲಿಲ್ಲ.

1990ರ ದಶಕದ ಶುರುವಿನಲ್ಲಿ ಯಜಮಾನರು ಸಾಲ ಎತ್ತಿ ಶೆಡ್ಡಿಗೊಂದು ಸಿಎನ್‌ಸಿ ಲೇತ್ ತಂದರು. ಅದಕ್ಕೊಂದು ಗಾಜಿನ ಕೋಣೆ, ಕೋಣೆಗೆ ಏಸಿ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ನಮಗೆ ಫ್ಯಾನಿಲ್ಲ, ಮೆಷಿನ್ನಿಗೆ ಏಸಿ ಅಂತ ಒಂದು ತಮಾಷೆ ಬಹಳ ದಿನ ಓಡಿತು. ನಡೆಸಲು ಬಂದವನು ಡಿಪ್ಲೊಮಾ ಮುಗಿಸಿದ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಮೇಸ್ತ್ರಿ ಗಾಜಿನ ಆಚೆ ನಿಂತು ನೋಡಿದರು. ಒಳಗೆ ಬನ್ನಿ ಅಂತ ಯಾರೂ ಅನ್ನಲಿಲ್ಲ, ಅವರೂ ಚಪ್ಪಲಿ ಬಿಡಲಿಲ್ಲ. ನಾನು ಬಿಟ್ಟೆ. ಆರು ತಿಂಗಳಲ್ಲಿ ಆ ಮೆಷಿನ್ನಿನ ಭಾಷೆ ಜಿ-ಕೋಡ್ ಓದಲು ಕಲಿತೆ, ಅದೇ ನನ್ನ ಮುಂದಿನ ದಾರಿಯಾಯಿತು. ಮೇಸ್ತ್ರಿಯನ್ನು ಕೆಲಸದಿಂದ ತೆಗೆಯಲಿಲ್ಲ. ಎಫ್‌ಎನ್-2ಕ್ಕೆ ಕೆಲಸ ಕಡಿಮೆಯಾಯಿತು, ಓಟಿ ನಿಂತಿತು, ಒಂದು ಯುಗಾದಿಗೆ ಊರಿಗೆ ಹೋದವರು ವಾಪಸ್ ಬರಲಿಲ್ಲ. ಆಗ ನನಗೆ ಅದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಗಿತ್ತು.

ಅಳಿಯನ ಮೆಷಿನ್ನಿಗೆ ಕೈ ಹಾಕಿದ ಮೇಲೆ ಈ ಸಿಎನ್‌ಸಿಯ ಚರಿತ್ರೆಯನ್ನು ಒಂದಿಷ್ಟು ಓದಿದೆ. ದುಡಿಯುವಾಗ ಓದಲು ಪುರುಸೊತ್ತು ಎಲ್ಲಿತ್ತು? ಎಲ್ಲದರ ಮೂಲದಲ್ಲಿ ಇರುವವನು ಅಮೆರಿಕದ ಮಿಷಿಗನ್‌ನ ಜಾನ್ ಪಾರ್ಸನ್ಸ್, ಹೆಲಿಕಾಪ್ಟರ್ ರೆಕ್ಕೆ ಮಾಡುತ್ತಿದ್ದವನು. ರೆಕ್ಕೆಯ ಬಾಗು ಸರಿಯಾಗಿ ಬರಲು ಮೊದಮೊದಲು ಅವನ ಶಾಪಿನಲ್ಲಿ ಒಬ್ಬ ಪಟ್ಟಿ ನೋಡಿ ಅಂಕಿ ಕೂಗುತ್ತಿದ್ದ, ಇಬ್ಬರು ಒಬ್ಬೊಬ್ಬರು ಒಂದೊಂದು ಹ್ಯಾಂಡಲ್ ಹಿಡಿದು ಅಷ್ಟಷ್ಟೇ ತಿರುಗಿಸುತ್ತಿದ್ದರು. ಮೋಟರ್ ಬರುವ ಮುಂಚೆಯೇ ಮನುಷ್ಯರು ಮೋಟರ್ ಆಗಿದ್ದರು ಅಂತಾಯಿತು. 1952ರಲ್ಲಿ ಎಂಐಟಿಯವರು ಅಂಕಿಗಳನ್ನು ಪೇಪರ್ ಟೇಪಿನಲ್ಲಿ ತೂತು ಹೊಡೆದು, ಅದನ್ನು ಓದಿ ತಾನೇ ಓಡುವ ಮೆಷಿನ್ ತೋರಿಸಿದರು. ಅದು ಹೊಸ ಮೆಷಿನ್ ಅಲ್ಲ, ಸಿನ್ಸಿನಾಟಿ ಕಂಪನಿಯ ಹೈಡ್ರೊಟೆಲ್ ಅನ್ನುವ ಮಾಮೂಲಿ ಮಿಲ್ಲಿಂಗ್ ಮೆಷಿನ್ನಿಗೆ ಮೋಟರ್ ಕಟ್ಟಿದ್ದು. ಅಂದರೆ ಜಗತ್ತಿನ ಮೊದಲ ಸಿಎನ್‌ಸಿಯ ಅಜ್ಜನೂ ನಮ್ಮ ಹಾಗೆ ಕನ್ವರ್ಷನ್ನೇ. ಅದರ ಮರುವರ್ಷ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ದಾರಿಯ ಕತೆ. ಅದೇ ಹೊತ್ತಿನಲ್ಲಿ ಜನರಲ್ ಎಲೆಕ್ಟ್ರಿಕ್ ಮತ್ತಿತರರು ರೆಕಾರ್ಡ್-ಪ್ಲೇಬ್ಯಾಕ್ ಅನ್ನುವ ವಿಧಾನ ಮಾಡಿದ್ದರು. ಪಳಗಿದ ಕೆಲಸಗಾರ ಒಂದು ಜಾಬನ್ನು ಕೈಯಲ್ಲಿ ಮಾಡುತ್ತಾನೆ, ಅವನ ಕೈಯ ಚಲನೆ ಟೇಪಿನಲ್ಲಿ ದಾಖಲಾಗುತ್ತದೆ, ಮುಂದಿನ ಜಾಬುಗಳನ್ನು ಮೆಷಿನ್ ಆ ಟೇಪ್ ನೋಡಿ ಮಾಡುತ್ತದೆ. ಅದು ಗೆಲ್ಲಲಿಲ್ಲ. ಕಾರಣ ಬರೀ ತಾಂತ್ರಿಕವಲ್ಲ, ಕೆಲಸದ ಹಿಡಿತವನ್ನು ಶಾಪಿನಿಂದ ಆಫೀಸಿಗೆ ಒಯ್ಯುವುದು ಮ್ಯಾನೇಜ್‌ಮೆಂಟಿಗೆ ಬೇಕಿತ್ತು ಅಂತ ಇತಿಹಾಸಕಾರ ಡೇವಿಡ್ ನೋಬಲ್ 1984ರ ತನ್ನ ಪುಸ್ತಕದಲ್ಲಿ ವಾದಿಸುತ್ತಾನೆ. ವಾದ ಪೂರ್ತಿ ಒಪ್ಪುವುದು ಕಷ್ಟ. ಹೆಲಿಕಾಪ್ಟರ್ ರೆಕ್ಕೆಯ ಬಾಗನ್ನು ಯಾವ ಕೈಯೂ ಮೊದಲ ಸಲ ಕಡೆದು ತೋರಿಸಲಾರದು, ಅದಕ್ಕೆ ಲೆಕ್ಕವೇ ಬೇಕು. ಆದರೂ ನಮ್ಮ ಮೇಸ್ತ್ರಿಯ ಕೈಯನ್ನು ಯಾರಾದರೂ ಟೇಪಿಗೆ ಹಿಡಿಸಿದ್ದರೆ ಅಂತ ಯೋಚಿಸಿದೆ. ಹಿಡಿಸಿದ್ದರೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ಗೊತ್ತು: ಟೇಪು ಯಾರ ಪೆಟ್ಟಿಗೆಯಲ್ಲಿ ಇರುತ್ತೆ?

ಕೆಲಸಕ್ಕೆ ಬರೋಣ. ಮೋಟರ್ ಕೂರಿಸುವ ಅಲ್ಯುಮಿನಿಯಂ ಪ್ಲೇಟುಗಳನ್ನು ಹ್ಯಾಂಡಲ್ ಬಿಚ್ಚುವ ಮೊದಲು ಅದೇ ಮೆಷಿನ್ನಿನ ಮೇಲೆ, ಅದೇ ಹ್ಯಾಂಡಲ್ ತಿರುಗಿಸಿ ಕಡೆದೆ. ಸ್ಕ್ರೂ ಬದಲಿಗೆ ಬಾಲ್ ಸ್ಕ್ರೂ: 16 ಮಿಲಿಮೀಟರ್ ದಪ್ಪ, ಒಂದು ಸುತ್ತಿಗೆ 5 ಮಿಲಿಮೀಟರ್ ನಡೆ. ಇದರಲ್ಲಿ ಎಳೆಗೆ ಎಳೆ ಉಜ್ಜುವುದಿಲ್ಲ, ನಟ್ಟಿನೊಳಗೆ ಉಕ್ಕಿನ ಗುಂಡುಗಳು ಉರುಳುತ್ತವೆ. ಪ್ಲೇ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಆದರೆ ತುದಿಯ ಬೇರಿಂಗುಗಳನ್ನು ಬಿಗಿ ಮಾಡಿ ಕೂರಿಸದಿದ್ದರೆ ಇಲ್ಲಿ ಹೋದ ಪ್ಲೇ ಅಲ್ಲಿಂದ ವಾಪಸ್ ಬರುತ್ತದೆ. ಬಾಲ್ ನಟ್ಟು ದಪ್ಪ, ಸ್ಯಾಡಲಿನ ಹೊಟ್ಟೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪೀಣ್ಯದಲ್ಲಿ ಹಳೆಯ ಗೆಳೆಯನೊಬ್ಬನ ಶಾಪಿಗೆ ಒಯ್ದು ಅಲ್ಲಿ ಗುಳಿ ತೆಗೆಸಿದೆ. ಬೇರಿಂಗು, ಅಲೆನ್ ಬೋಲ್ಟುಗಳಿಗೆ ಎಸ್‌ಜೆಪಿ ರೋಡ್, ಮೋಟರು, ಡ್ರೈವರು, ಪವರ್ ಸಪ್ಲೈಗಳಿಗೆ ಎಸ್‌ಪಿ ರೋಡ್. ಆ ಎರಡು ರಸ್ತೆಗಳಲ್ಲಿ ನಡೆದಾಡುವುದು ನನಗೆ ಈಗಲೂ ಹಬ್ಬ, ಅಳಿಯನಿಗೆ ಪಾರ್ಕಿಂಗ್ ಚಿಂತೆ.

ವೈರಿಂಗ್ ಅವನದು. ಸ್ಟೆಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಡ್ರೈವರ್ ಒಂದೊಂದು ಹೆಜ್ಜೆಯನ್ನೂ ಎಂಟು ಮಾಡುತ್ತದೆ. ಸುತ್ತಿಗೆ 1600 ಪಲ್ಸ್, 5 ಮಿಲಿಮೀಟರಿಗೆ 1600, ಅಂದರೆ ಒಂದು ಮಿಲಿಮೀಟರಿಗೆ 320. ಈ ಸಂಖ್ಯೆಯನ್ನು ಅಂಗೈ ಅಗಲದ ಆರ್ಡುಯಿನೊ ಬೋರ್ಡಿನೊಳಗಿನ ಜಿಆರ್‌ಬಿಎಲ್ ಅನ್ನುವ ಪ್ರೋಗ್ರಾಮಿಗೆ ಹೇಳಿಕೊಟ್ಟರೆ ಮುಗಿಯಿತು. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಶುರು ಮಾಡಿ ಲೋಕಕ್ಕೆಲ್ಲ ಬಿಟ್ಟಿ ಕೊಟ್ಟ ಪ್ರೋಗ್ರಾಮು ಅದು. ಗಾಜಿನ ಕೋಣೆ, ಏಸಿ ಎಲ್ಲ ಬೇಕಾಗಿದ್ದ ಕೆಲಸವನ್ನು ಈಗ ಅದು ಒಂದು ಪುಟ್ಟ ಬೋರ್ಡಿನ ಮೇಲೆ ಮಾಡುತ್ತದೆ.

ಮೊದಲ ಜಾಬಿಗೆ ಅಳಿಯ ತಯಾರಿಸಿದ ಪ್ರೋಗ್ರಾಮು ಓಡಿದಾಗ ನನ್ನ ಕೈ ತಾನಾಗಿ ಎಮರ್ಜೆನ್ಸಿ ಬಟನ್ನಿನ ಮೇಲೆ ಹೋಯಿತು. ಡೌನ್ ಮಿಲ್ಲಿಂಗ್! ಕಟರ್ ಜಾಬಿನ ಜೊತೆಜೊತೆಗೇ ಹೋಗುತ್ತಿತ್ತು. "ಸಾಫ್ಟ್‌ವೇರ್ ಡೀಫಾಲ್ಟ್ ಅದೇ ಮಾವ, ಫಿನಿಶ್ ಚೆನ್ನಾಗಿ ಬರುತ್ತೆ" ಅಂದ. ನಿಜವೇ. ಪ್ಲೇ ಇಲ್ಲದ ಮೇಲೆ ನೆಗೆಯುವುದು ಎಲ್ಲಿಂದ ಬಂತು? ಹಲ್ಲು ದಪ್ಪಗೆ ಹೊಕ್ಕು ತೆಳ್ಳಗೆ ಹೊರಬರುವುದರಿಂದ ಮೈ ನುಣುಪಾಗಿಯೇ ಬರುತ್ತದೆ. ನನ್ನ ಕೆಲಸದ ದಿನಗಳಲ್ಲಿ ದೊಡ್ಡ ಮೆಷಿನ್ನುಗಳ ಮೇಲೆ ಸಾವಿರಾರು ಜಾಬನ್ನು ನಾನೇ ಹಾಗೆ ಓಡಿಸಿದ್ದೇನೆ. ಇಲ್ಲಿ ಮಾತ್ರ, ನಾನೇ ಹ್ಯಾಂಡಲ್ ಹಿಡಿದು ನೋಡಿದ್ದ ಮೆಷಿನ್ ಆದ್ದರಿಂದಲೋ ಏನೋ, ಗೋಡೆಗೆ ನೆಟ್ಟ ಆ ಕಟರ್ ಚೂರು ಕಣ್ಣ ಮುಂದೆ ಬಂದುಬಿಟ್ಟಿತು.

ಆಮೇಲೆ ಬಂತು 51 ಹಲ್ಲಿನ ಚಕ್ರ. ನಾನು ಆರಿಸಿದ ಸಂಖ್ಯೆಯಲ್ಲ, ಅವನ ಗಡಿಯಾರದಲ್ಲಿ ಮುರಿದಿದ್ದ ಚಕ್ರಕ್ಕೇ ಅಷ್ಟಿತ್ತು. ಬೋರ್ಡಿನಲ್ಲಿ ಮೂರೇ ಮೋಟರಿಗೆ ಜಾಗ. ಹಲ್ಲು ಕಡೆಯುವಾಗ ವೈ ದಿಕ್ಕು ಅಲುಗುವುದಿಲ್ಲವಲ್ಲ, ಅದರ ವೈರು ಕಿತ್ತು ಜಾಬನ್ನು ತಿರುಗಿಸುವ ರೋಟರಿಗೆ ಚುಚ್ಚಿದ. ಮಿಲಿಮೀಟರ್ ಇದ್ದ ಕಡೆ ಡಿಗ್ರಿ ಅಂದುಕೊಂಡರೆ ಆಯಿತು. ರೋಟರಿಯ ಬೆಲ್ಟು ಆರಕ್ಕೆ ಒಂದು, ಹಾಗಾಗಿ ಸುತ್ತಿಗೆ 9600 ಪಲ್ಸ್. ನಾನು ಸೀಸದ ಕಡ್ಡಿ ತೆಗೆದು 51ರಿಂದ ಭಾಗಿಸಿದೆ. 188, ಮೇಲೆ ಸುಮಾರು ಕಾಲು. "ಕಾಲು ಪಲ್ಸ್ ಎಲ್ಲಿಂದ ತರ್ತೀಯೋ? ಸುತ್ತು ಮುಗಿಯೋ ಹೊತ್ತಿಗೆ ಕೊನೇ ಹಲ್ಲು ಕೆಟ್ಟುಹೋಗುತ್ತೆ" ಅಂದೆ. "ಇಲ್ಲ ಮಾವ, ಪ್ರತಿ ಹಲ್ಲಿನ ಜಾಗಾನೂ ಸೊನ್ನೆಯಿಂದಲೇ ಲೆಕ್ಕ ಹಾಕುತ್ತೆ. ಅರ್ಧ ಪಲ್ಸಿಗಿಂತ ಜಾಸ್ತಿ ಎಲ್ಲೂ ತಪ್ಪಲ್ಲ, ಒಂದರ ತಪ್ಪು ಇನ್ನೊಂದಕ್ಕೆ ಸೇರಲ್ಲ." ಲೆಕ್ಕ ಮಾಡಿದೆ. 40 ಮಿಲಿಮೀಟರ್ ಚಕ್ರದ ಅಂಚಿನಲ್ಲಿ ಅರ್ಧ ಪಲ್ಸ್ ಅಂದರೆ ಆರೂವರೆ ಮೈಕ್ರಾನ್. ಇಂಡೆಕ್ಸಿಂಗ್ ಪ್ಲೇಟಿನಲ್ಲಿ ಒಂದು ತೂತು ಎಣಿಕೆ ತಪ್ಪಿದರೆ ಮುಂದಿನ ಹಲ್ಲುಗಳೆಲ್ಲ ಹಾಳು. ಭಾನುವಾರ ಮೇಸ್ತ್ರಿಗೆ ಆ ನಿಶ್ಶಬ್ದ ಬೇಕಿದ್ದದ್ದು ಡೈರಿ ಮುಚ್ಚಿಡುವುದಕ್ಕೆ ಮಾತ್ರ ಅಲ್ಲ ಅಂತ ಆಗ ಹೊಳೆಯಿತು. ಎಣಿಸುವವನಿಗೆ ಸದ್ದಾಗಬಾರದು.

ನಾವು ಕಾಫಿ ಕುಡಿದು ಬರುವಷ್ಟರಲ್ಲಿ ಚಕ್ರ ಮುಗಿದಿತ್ತು. ಚೆನ್ನಾಗಿಯೇ ಬಂದಿತ್ತು.

ಮೇಸ್ತ್ರಿ ಕೊನೆಗೆ ಬದುಕಿದ್ದು ಹೇಗೆ ಅನ್ನುವುದು ಗೊತ್ತಾದದ್ದು ಯಶವಂತಪುರದಲ್ಲಿ ಒಂದು ಮದುವೆ ಮನೆಯಲ್ಲಿ, ಪಂಕ್ತಿಯಲ್ಲಿ ಪಕ್ಕಪಕ್ಕ ಕೂತಾಗ. ಊರಿನಿಂದ ವಾಪಸ್ ಬಂದು ಹಳೆಯ ಮೆಷಿನ್ನುಗಳ ಸ್ಲೈಡ್ ಕೆರೆದು ಕೊಡುವ ಕೆಲಸ ಹಿಡಿದಿದ್ದರಂತೆ. ಸೆಕೆಂಡ್‌ಹ್ಯಾಂಡ್ ಮೆಷಿನ್ ಕೊಳ್ಳುವವರೆಲ್ಲ ಹುಡುಕಿಕೊಂಡು ಬರುತ್ತಿದ್ದರಂತೆ. "ಶೆಡ್ಡಲ್ಲಿ ಇದ್ದಾಗಿನಕ್ಕಿಂತ ಜಾಸ್ತಿ ದುಡಿದೆ ಕಣಯ್ಯ" ಅಂದರು. ಮಗ ಪೀಣ್ಯದಲ್ಲಿ ಸಿಎನ್‌ಸಿ ಸೆಟ್ಟರ್. "ಅವನಿಗೆ ಹ್ಯಾಂಡಲ್ ಹಿಡಿಯೋಕೆ ಬರಲ್ಲ, ಸಂಬಳ ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ" ಅಂತ ನಕ್ಕರು. ಡೈರಿ ವಿಷಯ ನಾನು ಎತ್ತಲಿಲ್ಲ. ಏಟಿನ ವಿಷಯವೂ. ಎತ್ತಿದ್ದರೆ ನೆನಪೇ ಇಲ್ಲ ಅನ್ನುತ್ತಿದ್ದರು. ಹೊಡೆದವರಿಗೆ ನೆನಪಿರುವುದಿಲ್ಲ.

ಈಗ ಉಳಿದಿರುವ ತಲೆನೋವು ಜೆಡ್, ಅಂದರೆ ಮೇಲೆ-ಕೆಳಗಿನ ದಿಕ್ಕು. ಮೆಷಿನ್ನಿನ ತಲೆ ಭಾರ, ಮೇಲೆ ಏರುವಾಗ ಮೋಟರ್ ಆಗಾಗ ಹೆಜ್ಜೆ ತಪ್ಪುತ್ತದೆ. ದೊಡ್ಡ ಮೋಟರ್ ಹಾಕೋಣ ಅನ್ನುವುದು ಅಳಿಯನ ವಾದ. ಮೋಟರಿನ ದೋಷವಲ್ಲ, ಕಾಲಮ್ಮಿನ ಸ್ಲೈಡೇ ಸಮ ಇಲ್ಲ, ನೀಲಿ ಹಚ್ಚಿ ಕೆರೆಯಬೇಕು ಅನ್ನುವುದು ನನ್ನದು. "ಹೇಗೆ ಹೇಳ್ತೀರಿ, ಅಳತೆ ತೋರಿಸಿ" ಅಂದ. ಡಯಲ್ ಆಮೇಲೆ ಇಡೋಣ, ಮೊದಲು ಹ್ಯಾಂಡಲ್ ಹಾಕಿ ತಿರುಗಿಸು ಅಂದೆ. ಪೆಟ್ಟಿಗೆಯಿಂದ ಹುಡುಕಿ ತಂದು, ಮೋಟರ್ ಕಳಚಿ, ಹಾಕಿ ತಿರುಗಿಸಿದ. ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಕ್ಕೆ, ಮತ್ತೆ ಮೇಲಕ್ಕೆ.

"ಮೇಲೆ ಮೂರು ಬೆರಳಿನಷ್ಟು ಜಾಗದಲ್ಲಿ ಬಿಗಿ ಆಗ್ತಿದೆ. ಅಲ್ವಾ?"

ಹೌದು ಅಂದೆ. ಆದರೂ ದೊಡ್ಡ ಮೋಟರಿಗೆ ಆರ್ಡರ್ ಹಾಕಿದ್ದಾನೆ.